ಟೈಮ್‌ಶೇರ್, ಹಾಲಿಡೇ ಕ್ಲಬ್‌ನಲ್ಲಿ ರೊಕ್ಕ ಸಿಕ್ಕಿಬಿದ್ದರೆ ಯಾರ ಹತ್ರ ಹೋಗಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ತಿಂಥಣಿ (ಸುರಪುರ): "ಸರ್, ಪೆಟ್ರೋಲ್ ಬಂಕ್‌ನಲ್ಲಿ ನೀವು ತುಂಬಿದ ಕೂಪನ್‌ಗೆ ಗಿಫ್ಟ್ ಬಂದಿದೆ. ಗಂಡ-ಹೆಂಡತಿ ಇಬ್ಬರೂ ಬಂದು ತಗೊಂಡು ಹೋಗಿ." ಇಂಥ ಕಥೆಗಳು ಸಾಮಾನ್ಯವಾಗಿ ಶುರುವಾಗೋದೇ ಹೀಗೆ. ಕರೆಯೋದು ಬೆಂಗಳೂರು, ಹೈದರಾಬಾದ್‌ನಂಥ ಊರಿನ ಯಾವುದೋ ಹೋಟೆಲ್ ಹಾಲ್‌ಗೆ. ಅಲ್ಲಿ ಚಹಾ, ಬಿಸ್ಕೆಟ್, ಗೋವಾ-ಕೊಡಗಿನ ಫೋಟೊ, ಎರಡು-ಮೂರು ತಾಸಿನ ಮಾತು. ಕೊನೆಗೆ "ಇವತ್ತೇ ಸಹಿ ಮಾಡಿದರೆ ಮಾತ್ರ ಈ ರೇಟ್" ಅನ್ನುತ್ತಾರೆ. ಕಾರ್ಡ್ ಉಜ್ಜಿ ಹೊರಗೆ ಬಂದಾಗ ಕೈಯಲ್ಲಿ ಒಂದು ಗಿಫ್ಟ್ ವೋಚರ್, ಒಂದು ಫೈಲು. ತಲೆ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಸದಸ್ಯತ್ವ.

ಮುಂದೆ ರಜೆಗೆ ರೂಮು ಸಿಗದಿದ್ದಾಗ ಜಗಳ ಶುರು. ಕಂಪನಿಯ ಆಫೀಸು ಮುಂಬೈ, ಚೆನ್ನೈ ಅಥವಾ ಹೈದರಾಬಾದಿನಲ್ಲಿ. ತಿಂಥಣಿ, ಹುಣಸಗಿ, ಶಹಾಪುರದಿಂದ ಅಲ್ಲಿಗೆ ಹೋಗಿ ಕೇಸು ನಡೆಸೋದು ಆಗದ ಮಾತು ಅಂತ ರೊಕ್ಕದ ಆಸೆ ಬಿಟ್ಟವರಿದ್ದಾರೆ. ಆದರೆ ಕಾನೂನು ಹಂಗಿಲ್ಲ. ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂ.ವರೆಗೆ ಕಟ್ಟಿದ್ದರೆ ಶುಲ್ಕವೂ ಇಲ್ಲ. ಆದರೆ ಸರಿಯಾದ ಜಾಗಕ್ಕೆ, ಸರಿಯಾದ ಸಮಯಕ್ಕೆ ಹೋಗಬೇಕು. ಅದರ ವಿವರ ಇಲ್ಲಿದೆ.

ಟೈಮ್‌ಶೇರ್ ಅಂದ್ರೆ ಏನು?

ಮೌನೇಶ್ವರ ಜಾತ್ರೆಗೆ ಬರುವ ಒಂದು ಮನೆತನ, ವರ್ಷಾ ವರ್ಷ ಅದೇ ನಾಲ್ಕು ದಿನ ಅದೇ ಕೋಣೆಯಲ್ಲಿ ಇಳಿಯುವ ಹಕ್ಕನ್ನು 25 ವರ್ಷಕ್ಕೆ ಒಮ್ಮೆಲೇ ದುಡ್ಡು ಕೊಟ್ಟು ಪಡೆಯಿತು ಅಂತ ಇಟ್ಟುಕೊಳ್ಳಿ. ಟೈಮ್‌ಶೇರ್ ಅಂದರೆ ಇಷ್ಟೇ. ಕೋಣೆ ನಿಮ್ಮದಾಗುವುದಿಲ್ಲ, ವರ್ಷದ ಕೆಲವು ದಿನ ಇರುವ ಹಕ್ಕು ಮಾತ್ರ ನಿಮ್ಮದು.

ಈ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಯಿತು. ಭಾರತಕ್ಕೆ ಬಂದಿದ್ದು 1980ರ ದಶಕದಲ್ಲಿ. ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ 1986ರಲ್ಲಿ, ಕ್ಲಬ್ ಮಹೀಂದ್ರಾ ನಡೆಸುವ ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಆರಂಭವಾದವು. ಮೊದಲು 'ಇಂಥ ರೆಸಾರ್ಟ್, ಇಂಥ ವಾರ' ಅಂತ ಮಾರುತ್ತಿದ್ದರು. ಈಗ ಹೆಚ್ಚಾಗಿ ಸೀಸನ್, ರೂಮಿನ ಅಳತೆ ಅಥವಾ ಪಾಯಿಂಟ್ ಲೆಕ್ಕದಲ್ಲಿ ಸದಸ್ಯತ್ವ ಮಾರುತ್ತಾರೆ. ಬೇಸಿಗೆ ರಜೆ, ದಸರಾ, ವರ್ಷದ ಕೊನೆ ದುಬಾರಿ ಸೀಸನ್. ಮಳೆಗಾಲ ಸಾಮಾನ್ಯವಾಗಿ ಅಗ್ಗದ ಸೀಸನ್.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಯುರೋಪ್ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಅಲ್ಲಿ ಸಹಿ ಮಾಡಿದ 14 ದಿನದೊಳಗೆ ಕಾರಣ ಕೊಡದೇ ಒಪ್ಪಂದದಿಂದ ಹೊರಬರಬಹುದು, ಆ ಅವಧಿಯಲ್ಲಿ ಕಂಪನಿ ಮುಂಗಡ ಪಡೆಯುವಂತೆಯೇ ಇಲ್ಲ. ನಮ್ಮಲ್ಲಿ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಅಂಥ ಗಡುವು ಸಿಗುತ್ತದೆ. ಹಾಗಾಗಿ ಸಹಿ ಮಾಡಿ ಮನೆಗೆ ಬಂದ ರಾತ್ರಿಯೇ ಒಪ್ಪಂದದ ಹಿಂದಿನ ಪುಟಗಳನ್ನು ಓದಬೇಕು. ರದ್ದು ಮಾಡುವ ಗಡುವು ಇದ್ದರೆ ಅದರೊಳಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ರದ್ದತಿ ಪತ್ರ ಕಳಿಸಬೇಕು. ಫೋನ್‌ನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ

ಮಾರುವವರು ಸದಸ್ಯತ್ವದ ದುಡ್ಡನ್ನಷ್ಟೇ ಹೇಳುತ್ತಾರೆ. ವರ್ಷಾ ವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕದ ಮಾತು ಮೆಲ್ಲಗೆ ಬರುತ್ತದೆ. ಉದಾಹರಣೆಗೆ 3 ಲಕ್ಷ ರೂ.ಗೆ 25 ವರ್ಷ, ವರ್ಷಕ್ಕೆ 7 ರಾತ್ರಿಯ ಸದಸ್ಯತ್ವ ಅಂದುಕೊಳ್ಳಿ. ವಾರ್ಷಿಕ ಶುಲ್ಕ 14,000 ರೂ. ಅದು ಏರುವುದೇ ಇಲ್ಲ ಅಂತಲೂ ಇಟ್ಟುಕೊಳ್ಳಿ. 25 ವರ್ಷಕ್ಕೆ ಶುಲ್ಕವೇ 3.5 ಲಕ್ಷ. ಒಟ್ಟು 6.5 ಲಕ್ಷ.

ಒಂದು ವರ್ಷವೂ ತಪ್ಪದೆ ಹೋದರೆ 175 ರಾತ್ರಿ, ಅಂದರೆ ರಾತ್ರಿಗೆ ಸುಮಾರು 3,700 ರೂ. ಬಿತ್ತನೆ, ಸುಗ್ಗಿ, ಮಕ್ಕಳ ಪರೀಕ್ಷೆ, ಮನೆ ಲಗ್ನ ಅಂತ ಎರಡು ವರ್ಷಕ್ಕೊಮ್ಮೆ ಹೋದರೆ 12 ಸಲಕ್ಕೆ 84 ರಾತ್ರಿ. ಆಗ ರಾತ್ರಿಗೆ 7,700 ರೂ. ದಾಟುತ್ತದೆ. ಊಟ, ಪ್ರಯಾಣ ಬೇರೆ. ಆ 3 ಲಕ್ಷ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ ಇದರಲ್ಲಿ ಸೇರಿಲ್ಲ. ವರ್ಷಾ ವರ್ಷ ತಪ್ಪದೆ ಸುತ್ತುವವರಿಗೆ ಇದು ಹೊಂದಬಹುದು, ಉಳಿದವರಿಗೆ ಅಲ್ಲ.

ತಕರಾರು ಎಲ್ಲಿ ಬರುತ್ತದೆ?

ಗ್ರಾಹಕ ಆಯೋಗಗಳ ಮುಂದೆ ಬರುವ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯಗಳು ಇವು:

* ಕೇಳಿದ ದಿನಕ್ಕೆ, ಕೇಳಿದ ಜಾಗದಲ್ಲಿ ರೂಮು ಸಿಗದಿರುವುದು. 'ಲಭ್ಯತೆಗೆ ಒಳಪಟ್ಟು' ಎಂಬ ಸಾಲು ಒಪ್ಪಂದದಲ್ಲಿ ಇರುತ್ತದೆ.
* ಬಾಯಲ್ಲಿ ಹೇಳಿದ ಗಿಫ್ಟ್, ವಿಮಾನ ಟಿಕೆಟ್, ಸೈಟು ಕೊಡದಿರುವುದು.
* ರೂಮು ಬಳಸದಿದ್ದರೂ ವಾರ್ಷಿಕ ಶುಲ್ಕ ಕೇಳುವುದು, ಕಟ್ಟದಿದ್ದರೆ ಬುಕಿಂಗ್ ನಿಲ್ಲಿಸುವುದು.
* ರದ್ದು ಮಾಡಿ ಅಂದರೆ ದೊಡ್ಡ ಮೊತ್ತ ಮುರಿದುಕೊಳ್ಳುವುದು ಅಥವಾ 'ನಾನ್ ರೀಫಂಡಬಲ್' ಅನ್ನುವುದು.
* ಸದಸ್ಯತ್ವ ರದ್ದಾದರೂ ಸಾಲದ ಇಎಂಐ ಕಡಿತ ನಿಲ್ಲದಿರುವುದು.

ಹೈದರಾಬಾದ್ ಮೂಲದ ಕಂಟ್ರಿ ಕ್ಲಬ್ ವಿರುದ್ಧದ ದೂರುಗಳಲ್ಲಿ ಬೆಂಗಳೂರು, ಹೈದರಾಬಾದ್ ಸೇರಿ ಹಲವು ಕಡೆಯ ಗ್ರಾಹಕ ಆಯೋಗಗಳು ಹಣ ಮರಳಿಸಲು ಆದೇಶ ಮಾಡಿವೆ. ಹಾಗಂತ ದೂರು ಕೊಟ್ಟವರೆಲ್ಲ ಗೆದ್ದಿಲ್ಲ. ನಾಲ್ಕಾರು ವರ್ಷ ರೆಸಾರ್ಟ್ ಬಳಸಿ, ಆಮೇಲೆ ಪೂರ್ತಿ ದುಡ್ಡು ಕೊಡಿ ಅಂದರೆ ಆಯೋಗ ಸುಮ್ಮನೆ ಒಪ್ಪುವುದಿಲ್ಲ. ಬಳಸಿದ್ದಕ್ಕೆ ಮುರಿದುಕೊಂಡು ಉಳಿದಿದ್ದು ಕೊಡಿಸಬಹುದು, ದೂರು ವಜಾ ಕೂಡ ಆಗಬಹುದು.

ಮೊದಲು ಗುರುತಿಸಿ: ನೀವು ಕೊಂಡಿದ್ದು ರಜೆಯೋ, ಠೇವಣಿಯೋ?

ದಾರಿ ತಪ್ಪುವುದು ಇಲ್ಲೇ. ರೆಸಾರ್ಟ್ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರಾಟವಾಗಿವೆ.

ಮೊದಲನೆಯದು ನಿಜವಾದ ಸದಸ್ಯತ್ವ. ದುಡ್ಡು ಕೊಟ್ಟಿದ್ದು ರೂಮಿನಲ್ಲಿ ಇರುವುದಕ್ಕೆ. ಕಂಪನಿ ಸರಿಯಾಗಿ ಕೊಡದಿದ್ದರೆ ಅದು ಸೇವಾ ನ್ಯೂನತೆ. ಹೋಗಬೇಕಾದ್ದು ಗ್ರಾಹಕ ಆಯೋಗಕ್ಕೆ.

ಎರಡನೆಯದು ರಜೆಯ ಹೆಸರಿನ ಠೇವಣಿ. "ಇಷ್ಟು ವರ್ಷ ಕಂತು ಕಟ್ಟಿ. ರೂಮು ಬೇಕಾದರೆ ಬಳಸಿ, ಬೇಡವಾದರೆ ಕೊನೆಗೆ ಇಷ್ಟು ರೊಕ್ಕ ವಾಪಸ್" ಅಂತ ಏಜೆಂಟ್ ಹೇಳಿದ್ದರೆ, ಬಾಂಡ್‌ನಲ್ಲಿ 'ಸರೆಂಡರ್ ವ್ಯಾಲ್ಯೂ' ಅಂತ ಇದ್ದರೆ ಅದು ಈ ಬಗೆ. ಹೆಚ್ಚಿನ ಜನ ರೆಸಾರ್ಟ್ ಮುಖ ನೋಡದೇ ಲಾಭಕ್ಕಾಗಿ ಕಟ್ಟಿರುತ್ತಾರೆ. ಇಂಥದ್ದನ್ನು ಸೆಬಿ 'ಸಾಮೂಹಿಕ ಹೂಡಿಕೆ ಯೋಜನೆ' ಎಂದು ನೋಡುತ್ತದೆ. ಸೆಬಿ ನೋಂದಣಿ ಇಲ್ಲದೆ ಅದನ್ನು ನಡೆಸುವಂತಿಲ್ಲ.

ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ಏನು ಹೇಳುತ್ತದೆ?

ಎರಡನೇ ಬಗೆಗೆ ದೊಡ್ಡ ಉದಾಹರಣೆ ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್. 'ರೂಮ್ ನೈಟ್' ಹೆಸರಿನಲ್ಲಿ ಕಂತು ಕಟ್ಟಿಸಿಕೊಂಡು, ರೂಮು ಬಳಸದವರಿಗೆ ಅವಧಿ ಮುಗಿದ ಮೇಲೆ ಹೆಚ್ಚಿನ ಮೊತ್ತ ಕೊಡುವ ಯೋಜನೆ ಅದು. 2014ರ ಜುಲೈನಲ್ಲಿ ಸೆಬಿ ಹೊಸದಾಗಿ ಹಣ ಸಂಗ್ರಹಿಸದಂತೆ ಮಧ್ಯಂತರ ಆದೇಶ ಮಾಡಿತು. 2016ರ ಫೆಬ್ರುವರಿ 29ರ ಅಂತಿಮ ಆದೇಶದಲ್ಲಿ ಹೂಡಿಕೆದಾರರಿಗೆ ಹಣ ಮರಳಿಸಲು ಹೇಳಿತು. ಸೆಬಿ ಲೆಕ್ಕದ ಪ್ರಕಾರ ಸುಮಾರು 51 ಲಕ್ಷ ಜನರಿಂದ 7,035 ಕೋಟಿ ರೂ. ಸಂಗ್ರಹವಾಗಿತ್ತು. ಕಂಪನಿಯ ಮೇಲ್ಮನವಿಯನ್ನು ಸೆಕ್ಯುರಿಟೀಸ್ ಮೇಲ್ಮನವಿ ನ್ಯಾಯಮಂಡಳಿ 2017ರ ಮೇ ತಿಂಗಳಲ್ಲಿ ತಳ್ಳಿಹಾಕಿತು. 2022ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು.

ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ ಮತ್ತು ಸಿಟ್ರಸ್ ಚೆಕ್ ಇನ್ಸ್ ಎಂಬ ಕಂಪನಿಗಳ ಹಾಲಿಡೇ ಪ್ಲ್ಯಾನ್‌ಗಳ ಮೇಲೂ ಸೆಬಿ 2015ರಲ್ಲಿ ಕ್ರಮ ಕೈಗೊಂಡಿತ್ತು. ಭೂಮಿ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡ ಪಿಎಸಿಎಲ್ ಪ್ರಕರಣವೂ ಸಾಮೂಹಿಕ ಹೂಡಿಕೆಯದ್ದೇ. ಅಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅಧ್ಯಕ್ಷತೆಯ ಸಮಿತಿ ಮಾಡಿಸಿತು.

ಇದರಿಂದ ತಿಳಿಯಬೇಕಾದ್ದು ಮೂರು ಮಾತು. ಒಂದು, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ದಿವಾಳಿ ಸಂಹಿತೆಯ 14ನೇ ಕಲಂ ಪ್ರಕಾರ ಅದರ ಮೇಲಿನ ಬೇರೆ ಕೇಸುಗಳು ನಿಲ್ಲುತ್ತವೆ. ಆಗ ಪರಿಹಾರ ಅಧಿಕಾರಿಗೆ ಗಡುವಿನೊಳಗೆ ಕ್ಲೇಮ್ ಅರ್ಜಿ ಸಲ್ಲಿಸುವುದೇ ದಾರಿ. ಎರಡು, ಸೆಬಿ ಅಥವಾ ಸಮಿತಿ ಹಣ ಮರಳಿಸುವ ಪ್ರಕ್ರಿಯೆ ಮಾಡುವಾಗ ಮೂಲ ಬಾಂಡ್, ರಸೀದಿ ಕೇಳಬಹುದು. ಏಜೆಂಟ್ "ಕೊಡ್ರಿ, ನಾ ಮಾಡಿಸ್ತೀನಿ" ಅಂದರೂ ಮೂಲ ಕಾಗದ ಕೊಡಬಾರದು, ಜೆರಾಕ್ಸ್ ಕೊಟ್ಟರೆ ಸಾಕು. ಮೂರು, ಇಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ, ಪೂರ್ತಿ ಹಣ ಬರುತ್ತದೆಂಬ ಖಾತ್ರಿ ಇಲ್ಲ.

ಕಂಪನಿ ಠೇವಣಿ ಪಡೆದು ಕೊಡದೇ ಹೋದರೆ ಕರ್ನಾಟಕದ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಕಾಯ್ದೆ-2004, ಕೇಂದ್ರದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ-2019 ಇವೆ. ಇದಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಕಂಪನಿಯ ಆಸ್ತಿ ಜಪ್ತಿ ಮಾಡಿ ವಿಶೇಷ ನ್ಯಾಯಾಲಯದ ಮೂಲಕ ಹಂಚುವ ಅವಕಾಶ ಈ ಕಾನೂನುಗಳಲ್ಲಿದೆ.

ನಿಜವಾದ ಸದಸ್ಯತ್ವವಾದರೆ: ದೂರು ಹೇಗೆ?

ಮೊದಲ ಬಗೆಯವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ-2019 ದಾರಿ. ಇದು 2020ರ ಜುಲೈ 20ರಿಂದ ಜಾರಿಯಲ್ಲಿದೆ.

1. ಲಿಖಿತ ದೂರು: ಮೊದಲು ಕಂಪನಿಗೆ ಬರೆಯಿರಿ. ಯಾವ ದಿನ ಏನು ಕೇಳಿದಿರಿ, ಏನು ಸಿಕ್ಕಲಿಲ್ಲ, ಎಷ್ಟು ಹಣ ವಾಪಸ್ ಬೇಕು, ಎಷ್ಟು ದಿನದೊಳಗೆ ಎಂಬುದು ಸ್ಪಷ್ಟವಿರಲಿ. ಪೋಸ್ಟ್ ರಸೀದಿ ಜೋಪಾನ.

2. ಸಹಾಯವಾಣಿ 1915: ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ಹೇಳಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಪಡೆಯುತ್ತಾರೆ. ಇಲ್ಲಿಗೇ ಬಗೆಹರಿಯುವುದೂ ಉಂಟು. ಆದರೆ ಅದು ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ.

3. ಜಿಲ್ಲಾ ಆಯೋಗ: ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರ ವಾಸ ಮಾಡುವ ಅಥವಾ ದುಡಿಯುವ ಜಾಗದ ವ್ಯಾಪ್ತಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಕೊಡಬಹುದು. ಸಹಿ ಹೈದರಾಬಾದಿನಲ್ಲಿ ಆಗಿದ್ದರೂ ಸರಿ. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಬೆಂಗಳೂರು, ಪುಣೆಯಲ್ಲಿ ದುಡಿಯುವ ಈ ಭಾಗದ ಮಂದಿ ಅಲ್ಲಿಯೇ ದೂರು ಕೊಡಬಹುದು.

4. ಮೊತ್ತ ಮತ್ತು ಶುಲ್ಕ: ಕಟ್ಟಿದ ಹಣ 50 ಲಕ್ಷ ರೂ.ವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ. 5 ಲಕ್ಷದವರೆಗೆ ಶುಲ್ಕ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂ., 10ರಿಂದ 20 ಲಕ್ಷಕ್ಕೆ 400 ರೂ. ಲೆಕ್ಕಕ್ಕೆ ಹಿಡಿಯುವುದು ಕಟ್ಟಿದ ಹಣವನ್ನು, ಕೇಳುವ ಪರಿಹಾರವನ್ನಲ್ಲ.

5. ವಕೀಲರು: ಕಡ್ಡಾಯ ಅಲ್ಲ, ತಾವೇ ವಾದಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಅದರ ಸಹಾಯವಾಣಿ 15100.

6. ಆನ್‌ಲೈನ್: 2025ರ ಜನವರಿಯಿಂದ 'ಇ-ಜಾಗೃತಿ' ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆ ಇದೆ. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಆಯೋಗಕ್ಕೆ ಅರ್ಜಿ ಕೊಡಬಹುದು.

ದೂರಿನ ಜೊತೆ ಒಪ್ಪಂದ, ಹಣ ಕಟ್ಟಿದ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ರೂಮು ಕೇಳಿದ ಮತ್ತು ಇಲ್ಲ ಅಂದ ಮೇಲ್ ಅಥವಾ ವಾಟ್ಸ್‌ಆ್ಯಪ್, ಆಧಾರ್ ಪ್ರತಿ ಇರಲಿ. ಬಾಯಲ್ಲಿ ಕೊಟ್ಟ ಭರವಸೆ ಸಾಬೀತು ಮಾಡುವುದೇ ಕಷ್ಟ. ಅದಕ್ಕೇ ಸೇಲ್ಸ್‌ನವರು ಹೇಳಿದ್ದನ್ನು ಅದೇ ದಿನ ಮೆಸೇಜ್‌ನಲ್ಲಿ ಬರೆಸಿಕೊಂಡವರ ಕೇಸು ಗಟ್ಟಿ.

ಎರಡು ವರ್ಷದ ಗಡುವು ಮರೆಯಬೇಡಿ

ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕಂಪನಿ ಜೊತೆ ಮೇಲ್ ಆಡುತ್ತ, "ಮುಂದಿನ ತಿಂಗಳು ಮಾಡ್ತೀವಿ" ಅಂದಿದ್ದನ್ನು ನಂಬಿ ಕುಳಿತರೆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ತಡವಾದರೆ ಗಟ್ಟಿ ಕಾರಣ ಕೊಟ್ಟು ಮನ್ನಿಸಲು ಕೇಳಬಹುದು, ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟಿದ್ದು. ಪೊಲೀಸ್ ಠಾಣೆಗೆ ಅಲೆಯುತ್ತ ಈ 2 ವರ್ಷ ಕಳೆದುಕೊಳ್ಳಬಾರದು. ಸೇವೆ ಸರಿಯಿಲ್ಲ ಎಂಬುದಷ್ಟೇ ತಕರಾರಾದರೆ ಪೊಲೀಸರು ಅದನ್ನು ಸಿವಿಲ್ ವಿಷಯ ಅಂತಲೇ ನೋಡುತ್ತಾರೆ.

ಕಂಪನಿ ಹೆದರಿಸುವ ಮಾತಿಗೆ ಉತ್ತರ

"ಒಪ್ಪಂದದಲ್ಲಿ ಮಧ್ಯಸ್ಥಿಕೆ ಅಂತ ಬರೆದಿದೆ, ನೀವು ಆಯೋಗಕ್ಕೆ ಹೋಗುವಂತಿಲ್ಲ": ಇದು ನಿಲ್ಲುವುದಿಲ್ಲ. ಎಮಾರ್ ಎಂಜಿಎಫ್ ಮತ್ತು ಅಫ್ತಾಬ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ, ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದರೂ ಗ್ರಾಹಕ ವೇದಿಕೆಗೆ ಹೋಗುವುದನ್ನು ತಡೆಯಲಾಗದು ಎಂಬ ನಿಲುವನ್ನು ಎತ್ತಿಹಿಡಿದಿದೆ.

"ಸಹಿ ಮಾಡಿದ ಮೇಲೆ ಮುಗೀತು, ಷರತ್ತು ಷರತ್ತೇ": ಇದೂ ಪೂರ್ತಿ ನಿಜವಲ್ಲ. ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಏಕಪಕ್ಷೀಯ ಷರತ್ತುಗಳನ್ನು ಒಪ್ಪಂದದಲ್ಲಿ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಅದು ಫ್ಲ್ಯಾಟ್ ಖರೀದಿಯ ಪ್ರಕರಣ. ಆದರೂ ಅಚ್ಚು ಹಾಕಿದ ಒಪ್ಪಂದಕ್ಕೆ ಸಹಿ ಹಾಕಿಸುವ ಯಾವುದೇ ವ್ಯವಹಾರದಲ್ಲಿ ಈ ತೀರ್ಪನ್ನು ತೋರಿಸಬಹುದು. 2019ರ ಕಾಯ್ದೆಯಲ್ಲಿ 'ಅನುಚಿತ ಒಪ್ಪಂದ' ಎಂಬುದೇ ಪ್ರತ್ಯೇಕವಾಗಿದೆ. ಆದರೆ ಷರತ್ತನ್ನೇ ಅನೂರ್ಜಿತ ಮಾಡಿ ಅಂತ ಕೇಳುವ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು.

ಇಎಂಐ ನಿಲ್ಲಿಸಬಹುದೇ?

ಕಂತಿನಲ್ಲಿ ಸದಸ್ಯತ್ವ ಪಡೆದವರು ಹಲವು ಸಲ ತಮಗೆ ಗೊತ್ತಿಲ್ಲದೇ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಸಾಲಕ್ಕೆ ಸಹಿ ಮಾಡಿರುತ್ತಾರೆ. ರೆಸಾರ್ಟ್ ಮೇಲಿನ ಸಿಟ್ಟಿಗೆ ಇಎಂಐ ನಿಲ್ಲಿಸಿದರೆ ಸಿಬಿಲ್ ಕೆಡುತ್ತದೆ, ಮುಂದೆ ಬೆಳೆ ಸಾಲಕ್ಕೋ ಮನೆ ಸಾಲಕ್ಕೋ ಅಡ್ಡ ಬರಬಹುದು. ಸಾಲ ಕೊಟ್ಟ ಸಂಸ್ಥೆಗೂ ಅಂದೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು. ಗ್ರಾಹಕ ಆಯೋಗದ ದೂರಿನಲ್ಲಿ ಸಾಲ ಕೊಟ್ಟ ಸಂಸ್ಥೆಯನ್ನೂ ಎದುರುದಾರ ಮಾಡಿ, ಕಡಿತಕ್ಕೆ ಮಧ್ಯಂತರ ತಡೆ ಕೇಳಬಹುದು.

ಆಮೇಲೆ ಏನಾಗುತ್ತದೆ?

ನೋಟಿಸ್ ತಲುಪಿದ ಮೇಲೆ ಕಂಪನಿ 30 ದಿನದಲ್ಲಿ, ಆಯೋಗ ಒಪ್ಪಿದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. 45 ದಿನದ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ರಾಜಿ ಆಗುವಂತಿದ್ದರೆ, ಎರಡೂ ಕಡೆ ಒಪ್ಪಿದಾಗ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ಬಳಸಿದ ದಿನಗಳಿಗೆ ಮುರಿದುಕೊಂಡು ಉಳಿದ ಹಣ ಕೊಡುವ ರಾಜಿ ಬಂದರೆ ಯೋಚಿಸಿ ನೋಡಬಹುದು. ಆದರೆ "ಹಣದ ಬದಲು ಸದಸ್ಯತ್ವ ಅಪ್‌ಗ್ರೇಡ್ ಮಾಡ್ತೀವಿ, ಇನ್ನೊಂದು 50 ಸಾವಿರ ಕಟ್ಟಿ" ಎನ್ನುವುದು ರಾಜಿ ಅಲ್ಲ, ಹೊಸ ವ್ಯಾಪಾರ.

ಕಾಯ್ದೆಯಲ್ಲಿ 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಇದೆ. ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ. ಕಂಪನಿ ಸೋತರೆ 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅದಕ್ಕೆ ಮುಂಚೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು.

ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂದರೆ? ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಸಿವಿಲ್ ಕೋರ್ಟ್ ಡಿಕ್ರಿಯಂತೆ ಅದನ್ನು ಜಾರಿ ಮಾಡಿಸಬಹುದು. ಆದೇಶ ಪಾಲಿಸದವರಿಗೆ 72ನೇ ಕಲಂ ಅಡಿ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಆದೇಶದ ಪ್ರತಿ ಮನೆಯಲ್ಲಿಟ್ಟು ಕಾಯ್ದರೆ ರೊಕ್ಕ ತಾನಾಗಿ ಬರುವುದಿಲ್ಲ.

ಎರಡನೇ ಸಲ ಮೋಸ ಹೋಗಬೇಡಿ

"ನಿಮ್ಮ ಸದಸ್ಯತ್ವಕ್ಕೆ ಗಿರಾಕಿ ಸಿಕ್ಕಿದ್ದಾರೆ, ಜಿಎಸ್‌ಟಿ ಮತ್ತು ಎನ್‌ಒಸಿಗೆ 20 ಸಾವಿರ ಮೊದಲು ಹಾಕಿ" ಎಂಬಂಥ ಕರೆ ಬಂದರೆ ಹಣ ಹಾಕಬೇಡಿ. ಹಳೇ ಸದಸ್ಯರ ಪಟ್ಟಿ ಹಿಡಿದು ನಡೆಯುವ ವಂಚನೆ ಇದು. ಕೊಡುವ ಹಣ ಇದ್ದವರು ನಿಮ್ಮಿಂದ ಮೊದಲು ಹಣ ಕೇಳುವುದಿಲ್ಲ. ಹಾಕಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನೆನಪಿಡಿ

* ರಜೆಗೆ ಕೊಟ್ಟ ಹಣವಾದರೆ ಗ್ರಾಹಕ ಆಯೋಗ. ಲಾಭಕ್ಕೆ ಕಟ್ಟಿದ ಹಣವಾದರೆ ಸೆಬಿ, ಪೊಲೀಸ್ ಅಥವಾ ದಿವಾಳಿ ಪ್ರಕ್ರಿಯೆಯ ಕ್ಲೇಮ್.
* ದೂರು ನಿಮ್ಮ ಜಿಲ್ಲೆಯಲ್ಲೇ. 5 ಲಕ್ಷದವರೆಗೆ ಶುಲ್ಕ ಇಲ್ಲ.
* ಗಡುವು 2 ವರ್ಷ.
* ಮೂಲ ಕಾಗದ ಯಾರಿಗೂ ಕೊಡಬೇಡಿ.
* ಸಹಾಯಕ್ಕೆ: ಗ್ರಾಹಕ 1915, ಕಾನೂನು ನೆರವು 15100, ಸೈಬರ್ ವಂಚನೆ 1930.

ಮನೆಯಲ್ಲಿ ಇಂಥ ಫೈಲು ಇದ್ದವರು ಮೊದಲು ಸಹಿ ಮಾಡಿದ ದಿನಾಂಕ, ಕೊನೆಯ ಸಲ ರೂಮು ಕೇಳಿ ಇಲ್ಲ ಅನಿಸಿಕೊಂಡ ದಿನಾಂಕ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಆ ಎರಡನೇ ದಿನಾಂಕಕ್ಕೆ 2 ವರ್ಷ ತುಂಬಿಲ್ಲದಿದ್ದರೆ ದೂರು ಕೊಡಲು ಇನ್ನೂ ಅವಕಾಶ ಇದೆ.